ಕಪಾಟಿನಲ್ಲಿ ಬಟ್ಟೆ ಕಡಿಮೆ ಇಟ್ಟುಕೊಂಡರೆ ಏನು ಲಾಭ?

ಮೊದಲ ಲಾಭ ಬೆಳಗ್ಗೆಯೇ ಗೊತ್ತಾಗುತ್ತದೆ. ಇರುವ ಅಂಗಿಗಳೆಲ್ಲ ಇರುವ ಪ್ಯಾಂಟುಗಳಿಗೆ ಹೊಂದುವಂತಿದ್ದರೆ 5 ಅಂಗಿ, 3 ಪ್ಯಾಂಟಿನಲ್ಲೇ 15 ಜೋಡಿ ಆಗುತ್ತವೆ. ಕಪಾಟಿನ ಮುಂದೆ ನಿಂತು ತಲೆ ಕೆಡಿಸಿಕೊಳ್ಳಬೇಕಿಲ್ಲ.

ನಾನಿರುವ ಬಳ್ಳಾರಿಯಲ್ಲಿ ಬೇಸಿಗೆ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಕೈ ಹೋಗುವುದು ತೆಳು ಹತ್ತಿಯ ನಾಲ್ಕೈದು ಅಂಗಿಗಳಿಗೆ ಮಾತ್ರ; ಪಾಲಿಯೆಸ್ಟರ್ ಬೆವರು ಹೀರುವುದಿಲ್ಲ, ಮೈಗೆ ಅಂಟುತ್ತದೆ. ಉಳಿದದ್ದೆಲ್ಲ ಧೂಳು ತಿನ್ನುತ್ತ ಕೂತಿರುತ್ತದೆ. ಬೆಳಗ್ಗೆ ಒಗೆದು ಹಾಕಿದ್ದು ಮಧ್ಯಾಹ್ನದೊಳಗೆ ಒಣಗುವ ಊರಿದು, ಹೆಚ್ಚು ಜೊತೆ ಬೇಕಾಗುವುದೂ ಇಲ್ಲ.

ನನ್ನ ಮನಸ್ಸಿಗೆ ನಾಟಿದ್ದು ನೀರಿನ ಲೆಕ್ಕ. ನಮ್ಮೂರು ಜೀನ್ಸ್ ಹೊಲಿಗೆಗೆ ಹೆಸರಾದದ್ದು. ಹತ್ತಿ ಬೆಳೆಯುವುದರಿಂದ ಹಿಡಿದು ಅಂಗಡಿಗೆ ಬರುವವರೆಗೆ ಒಂದು ಜೀನ್ಸಿಗೆ ಸುಮಾರು 7,500 ಲೀಟರ್ ನೀರು ಬೇಕು ಎಂಬುದು ವಿಶ್ವಸಂಸ್ಥೆಯ ಅಂದಾಜು. ಬೇಸಿಗೆಯಲ್ಲಿ ಕೊಡ ಹಿಡಿದು ನಳಕ್ಕೆ ಕಾದವರಿಗೆ ಅದರ ಬೆಲೆ ಗೊತ್ತು. ಹಾಗಾಗಿ ಗಟ್ಟಿ ಹೊಲಿಗೆಯ ಎರಡನ್ನೇ ಕೊಂಡು, ಮೊಣಕಾಲಲ್ಲಿ ಹರಿದರೆ ರಫೂ ಮಾಡಿಸಿ ವರ್ಷಗಟ್ಟಲೆ ಹಾಕುತ್ತೇನೆ. ದುಡ್ಡು ಉಳಿಯುವುದು ಇದರ ಬೆನ್ನಿಗೇ ಬರುತ್ತದೆ.

ಮದುವೆ, ಜಾತ್ರೆಯ ರೇಷ್ಮೆ ಬಟ್ಟೆಗಳನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಉಳಿದವುಗಳಲ್ಲಿ ಒಂದು ವರ್ಷದಿಂದ ಮುಟ್ಟದ್ದನ್ನು ಗಂಟು ಕಟ್ಟಿ, ಬೇಕಾದವರಿಗೆ ಕೊಟ್ಟುಬಿಡಿ.