ಬಿಯರಲ್ಲಿ ನೀರೇ ಇರುದಲ್ವಾ, ಮತ್ತೆ ಬಾಯಿ ಒಣಗುದು ಎಂತಕ್ಕೆ?

ಪ್ರಶ್ನೆ: ನನ್ನದು ಅಡಿಕೆ ಕೊಯ್ಯುವ ಕೆಲಸ. ಇಡೀ ದಿನ ಬೆವರು ಸುರಿಸಿ ಸಂಜೆ ಫ್ರೆಂಡ್ಸ್ ಜೊತೆ ಒಂದು ದೊಡ್ಡ ಬಾಟ್ಲಿ ಬಿಯರ್, ಕೆಲವು ಸಲ ಎರಡು. ದಾಹಕ್ಕೆ ಒಳ್ಳೇದು ಅಂತ ಕುಡಿಯುದು, ಆದ್ರೆ ರಾತ್ರಿ ಮತ್ತೆ ಮತ್ತೆ ಮೂತ್ರಕ್ಕೆ ಏಳ್ಬೇಕು, ಬೆಳಿಗ್ಗೆ ಗಂಟಲು ಒಣಗಿ ತಲೆ ಸಿಡೀತದೆ. ಬೊಂಡ (ಎಳನೀರು) ಕುಡಿದ್ರೆ ಸರಿ ಆಗ್ತದಾ?
— ಹೆಸರು ಬೇಡ, ಬದಿಯಡ್ಕ

ಉತ್ತರ: ನೀರೇ ಜಾಸ್ತಿ ಇರುದು ಹೌದು ಮಾರಾಯ್ರೆ, ಆದ್ರೆ ಅದು ಒಳಗೆ ನಿಲ್ಬೇಕಲ್ಲ. ನಮ್ಮ ಕಿಡ್ನಿ ದಿನಕ್ಕೆ ಸುಮಾರು 180 ಲೀಟರ್ ಸೋಸ್ತದೆ, ಮೂತ್ರ ಆಗಿ ಹೋಗುದು ಒಂದೂವರೆ ಎರಡು ಲೀಟರ್ ಅಷ್ಟೆ, ಉಳಿದದ್ದೆಲ್ಲ ವಾಪಸ್ ರಕ್ತಕ್ಕೆ. ಕೊನೆಗೆ ಎಷ್ಟು ನೀರು ವಾಪಸ್ ತಕೊಳ್ಬೇಕು ಅಂತ ಹೇಳುದು ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಬರುವ ವಾಸೊಪ್ರೆಸಿನ್ ಅನ್ನುವ ಹಾರ್ಮೋನ್. ಆಲ್ಕೋಹಾಲ್ ಅದನ್ನೇ ತಡೀತದೆ. ತೋಡಿಗೆ ಹಾಕಿದ ಕಟ್ಟ ಒಡೆದ ಹಾಗೆ, ನಿಲ್ಲಬೇಕಾದ ನೀರು ಸೀದಾ ಹೊರಗೆ.

ಅಂದಾಜು ಲೆಕ್ಕ ಉಂಟು: 10 ಗ್ರಾಂ ಆಲ್ಕೋಹಾಲಿಗೆ ಸುಮಾರು 100 ಮಿಲಿ ಮೂತ್ರ ಎಕ್ಸ್ಟ್ರಾ. ನಿಮ್ಮ 650 ಮಿಲಿ ಬಾಟ್ಲಿ 5% ಆದ್ರೆ ಅದರಲ್ಲಿ 25 ಗ್ರಾಂ ಚಿಲ್ಲರೆ, ಸ್ಟ್ರಾಂಗ್ ಅಂತ ಬರುವ 8% ಆದ್ರೆ 40 ದಾಟ್ತದೆ. ಹಾಗಾಗಿ ಕುಡಿದ ಬಿಯರೆಲ್ಲ ನಷ್ಟ ಅಂತಲ್ಲ, ಸ್ವಲ್ಪ ಉಳೀತದೆ, ಆದ್ರೆ ಮೊದಲೇ ಬೆವರಿ ಒಣಗಿದ ಮೈಗೆ ಅದು ಸಾಲುದಿಲ್ಲ. ಬ್ರಾಂಡಿಯವರ ಕತೆ ಇನ್ನೂ ಕಷ್ಟ, 60 ಮಿಲಿಯಲ್ಲೇ 20 ಗ್ರಾಂ ಉಂಟು, ನೀರು ಬೆರೆಸದೆ ಎತ್ತಿದ್ರೆ ಒಳಗೆ ಹೋದದ್ದಕ್ಕಿಂತ ಹೊರಗೆ ಹೋಗುದೇ ಜಾಸ್ತಿ.

ಬೊಂಡ ಕುಡೀರಿ, ಬೇಡ ಅಂತ ಹೇಳುದಿಲ್ಲ. ಆದ್ರೆ ಬೊಂಡದಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಮ್ಮಿ, ನಿಮ್ಮ ಬೆವರಲ್ಲಿ ಹೋದದ್ದು ಮುಖ್ಯವಾಗಿ ಸೋಡಿಯಂ ಅಂದ್ರೆ ಉಪ್ಪು. ನನ್ನನ್ನು ಕೇಳಿದ್ರೆ ಕುಚ್ಚಲಕ್ಕಿ ಗಂಜಿಯ ತಿಳಿಗೆ ಉಪ್ಪು ಹಾಕಿ, ಬದಿಗೆ ಒಂದು ಮಾವಿನ ಮಿಡಿ, ಅದು ಬೊಂಡಕ್ಕಿಂತ ಒಂದು ಕೈ ಮೇಲೆ (ಬಿಪಿ ಇದ್ದವರು ಉಪ್ಪು ನೋಡಿಕೊಂಡು). ಇದ್ರಿಂದ ದಾಹ ಹೋಗ್ತದೆ, ತಲೆನೋವು ಪೂರ್ತಿ ಹೋಗ್ಲಿಕ್ಕಿಲ್ಲ, ಯಾಕಂದ್ರೆ ಅದು ಬರೀ ನೀರಿನ ವಿಷಯ ಅಲ್ಲ, ಹೊಟ್ಟೆ ಉರಿ, ಕೆಟ್ಟ ನಿದ್ದೆ, ಆಲ್ಕೋಹಾಲ್ ಒಡೆದು ಆಗುವ ಅಸಿಟಾಲ್ಡಿಹೈಡ್ ಎಲ್ಲ ಸೇರಿ ಬರುದು. ತಲೆನೋವಿಗೆ ಅಂತ ಪ್ಯಾರಾಸಿಟಮಾಲ್ ಎರಡೆರಡು ನುಂಗ್ಬೇಡಿ, ಲಿವರಿಗೆ ಪೆಟ್ಟು.

ನನಗೆ ಹೆದರಿಕೆ ಬೇರೆಯದ್ದು. ಲಿವರ್ ಗಂಟೆಗೆ 7ರಿಂದ 10 ಗ್ರಾಂ ಕರಗಿಸುದು, ಎರಡು ಸ್ಟ್ರಾಂಗ್ ಬಾಟ್ಲಿ ಅಂದ್ರೆ 80 ಗ್ರಾಂ. ರಾತ್ರಿ ಹತ್ತಕ್ಕೆ ಮುಗಿಸಿ ಬೆಳಿಗ್ಗೆ ಆರಕ್ಕೆ ಮರ ಹತ್ತುವಾಗ ಇನ್ನೂ ರಕ್ತದಲ್ಲಿ ಇರಬಹುದು, ಮೇಲಿಂದ ನೀರು ಕಮ್ಮಿಯಾದ ಮೈ, ತಲೆ ತಿರುಗಿದ್ರೆ ಹಿಡೀಲಿಕ್ಕೆ ಎಂತ ಉಂಟು ಅಲ್ಲಿ? ತೋಟದಿಂದ ಬಂದ ಕೂಡ್ಲೆ ಮೊದಲು ನೀರು, ಮಜ್ಜಿಗೆ, ಊಟ. ಮೂತ್ರ ತಿಳಿ ಹಳದಿ ಆಗುವಷ್ಟು ನೀರು ಹೋಗ್ಲಿ. ಆಮೇಲೂ ಕುಡೀಲೇಬೇಕು ಅನಿಸಿದ್ರೆ ಒಂದಕ್ಕೆ ನಿಲ್ಸಿ, ಮರುದಿನ ಮರ ಹತ್ಲಿಕ್ಕೆ ಇದ್ರೆ ಅದೂ ಬೇಡ.

ಪ್ರಶ್ನೆ: ಬಿಯರ್ ಕುಡಿದ್ರೆ ಕಿಡ್ನಿ ಸ್ಟೋನ್ ತೊಳೆದು ಹೋಗ್ತದೆ ಅಂತಾರೆ, ಹೌದಾ?
— ಉಪ್ಪಳದ ಓದುಗರು

ಉತ್ತರ: ಆ ಮದ್ದು ಹೇಳುವವರು ಸಾಮಾನ್ಯವಾಗಿ ಬಿಯರಿಗೆ ಕಂಪನಿ ಹುಡುಕುವವರೇ! ಕಲ್ಲು ಸಿಕ್ಕಿಹಾಕಿಕೊಂಡಾಗ ಮೂತ್ರ ಒಮ್ಮೆಲೇ ಜಾಸ್ತಿ ಆದ್ರೆ ಒತ್ತಡ ಹೆಚ್ಚಾಗಿ ನೋವೂ ಜಾಸ್ತಿ ಆಗಬಹುದು, ಬಿಯರಿನಿಂದ ಯೂರಿಕ್ ಆಸಿಡ್ ಬೇರೆ ಏರ್ತದೆ. ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಕುಡೀರಿ, ಜ್ವರ ಬಂದ್ರೆ ಅಥವಾ ಮೂತ್ರ ಕಟ್ಟಿದ್ರೆ ಅದೇ ದಿನ ಆಸ್ಪತ್ರೆಗೆ ಹೋಗಿ.