‘ನನ್ನ ಮಗನಲ್ಲಿ ಯಾವ ವಿಶೇಷ ಶಕ್ತಿ ಇದೆ ಡಾಕ್ಟ್ರೇ?’

ಟಿವಿ, ಒಟಿಟಿ ನೋಡಿ ಬರುವ ಪ್ರಶ್ನೆಗಳು ಜಾಸ್ತಿಯಾಗಿವೆ. ಅದರಲ್ಲೂ ಮೊದಲನೆಯದು ಮತ್ತೆ ಮತ್ತೆ ಬರುತ್ತಿದೆ. ಅದಕ್ಕೇ ಇವತ್ತು ಸ್ವಲ್ಪ ಖಾರವಾಗಿಯೇ ಬರೆಯುತ್ತಿದ್ದೇನೆ.

ಪ್ರಶ್ನೆ: ಮಗನಿಗೆ 6 ವರ್ಷ, ಆಟಿಸಂ (ಮಾತು, ಜನರ ಜೊತೆ ಬೆರೆಯುವುದು ಬೇರೆ ರೀತಿ ಇರುವ ಮೆದುಳಿನ ಬೆಳವಣಿಗೆಯ ಸ್ಥಿತಿ) ಇದೆ. ಮಾತು ಕಡಿಮೆ, ಆದರೆ ಬಸ್ ನಂಬರ್‌ಗಳೆಲ್ಲ ಬಾಯಿಪಾಠ. ‘ದಿ ಗುಡ್ ಡಾಕ್ಟರ್’ ನೋಡಿದ ಮೇಲೆ ಇವನಲ್ಲೂ ಏನೋ ಶಕ್ತಿ ಅಡಗಿದೆ ಅಂತ ಮನೆಯಲ್ಲಿ ಹೇಳ್ತಾರೆ. ಅದನ್ನು ಹೊರತೆಗೆಯುವ ಸೆಂಟರ್ ಒಂದಿದೆಯಂತೆ. ಸ್ಪೀಚ್ ಥೆರಪಿ ನಿಲ್ಲಿಸಿ ಅಲ್ಲಿಗೆ ಸೇರಿಸಬಹುದಾ? – ಒಬ್ಬ ತಾಯಿ, ತುಮಕೂರು

ಉತ್ತರ: ಬೇಡಮ್ಮ. ಥೆರಪಿ ನಿಲ್ಲಿಸಲೇಬೇಡಿ.

ಆ ಧಾರಾವಾಹಿ 2017ರಲ್ಲಿ ಅಮೆರಿಕದಲ್ಲಿ ಶುರುವಾಯಿತು. ಅದರ ನಾಯಕ ಶಾನ್‌ಗೆ ಆಟಿಸಂ ಜೊತೆ ‘ಸಾವಂತ್’ ಸಾಮರ್ಥ್ಯವೂ ಇದೆ, ಅಂದರೆ ಯಾವುದೋ ಒಂದು ವಿಷಯದಲ್ಲಿ ಅಸಾಮಾನ್ಯ ನೆನಪು ಅಥವಾ ಲೆಕ್ಕ. ದೇಹದ ಒಳಗಿನ ಚಿತ್ರಗಳು ಅವನ ಕಣ್ಣೆದುರು ಗಾಳಿಯಲ್ಲಿ ತೇಲುತ್ತವೆ, ರೋಗ ಹೊಳೆದುಬಿಡುತ್ತದೆ. ಆಟಿಸಂ ಇರುವ ಹೆಚ್ಚಿನವರಿಗೆ ಸಾವಂತ್ ಸಾಮರ್ಥ್ಯ ಇರುವುದಿಲ್ಲ. ಇದ್ದವರಲ್ಲೂ ಟಿವಿಯಲ್ಲಿ ತೋರಿಸುವ ಮಟ್ಟದವರು ತೀರಾ ಅಪರೂಪ. ಆಟಿಸಂ ಇರುವ ಸಾವಂತ್ ಒಬ್ಬನ ಕಥೆಯ 1988ರ ‘ರೇನ್ ಮ್ಯಾನ್’ ಸಿನಿಮಾಕ್ಕೆ ಸ್ಫೂರ್ತಿಯಾದ ಕಿಮ್ ಪೀಕ್‌ಗೆ ಸಾವಿರಾರು ಪುಸ್ತಕಗಳು ನೆನಪಿದ್ದವು. ಆದರೆ ಅಂಗಿಯ ಗುಂಡಿ ಹಾಕಿಕೊಳ್ಳುವುದೇ ಕಷ್ಟ, ದಿನದ ಕೆಲಸಕ್ಕೆಲ್ಲ ಅಪ್ಪ ಬೇಕಿತ್ತು. ಅವರಿಗಿದ್ದದ್ದು ಆಟಿಸಂ ಅಲ್ಲ, ಮೆದುಳಿನ ಎರಡು ಭಾಗಗಳನ್ನು ಜೋಡಿಸುವ ನರಗಳ ಕಟ್ಟು ಹುಟ್ಟಿನಿಂದಲೇ ಇರಲಿಲ್ಲ ಅನ್ನುವುದು ಆಮೇಲೆ ಗೊತ್ತಾಯಿತು.

ನನಗೆ ಸಿಟ್ಟು ಬರುವುದು ಎಲ್ಲಿ ಗೊತ್ತಾ? ಶಾನ್ ಆಪರೇಷನ್ ಮಾಡಿ ಜೀವ ಉಳಿಸುತ್ತಾನೆ, ಆಮೇಲಷ್ಟೇ ಉಳಿದವರು ಅವನನ್ನು ಒಪ್ಪಿಕೊಳ್ಳುತ್ತಾರೆ. ಅದನ್ನು ನೋಡಿದ ಮನೆಯವರು ಮಗುವಿನ ಪ್ರತಿಭೆ ಹುಡುಕೋಕೆ ಶುರು ಮಾಡುತ್ತಾರೆ, ಮಗು ಹೊಟ್ಟೆ ನೋವು ಅಂತ ಹೇಳಲಾಗದೆ ಗೋಡೆಗೆ ತಲೆ ಚಚ್ಚಿಕೊಂಡರೆ ಹಠ ಅಂದುಕೊಳ್ಳುತ್ತಾರೆ.

ಬಸ್ ನಂಬರ್ ಅವನಿಗೆ ಖುಷಿ ಕೊಡುತ್ತದೆ, ಅದು ದೊಡ್ಡ ವಿಷಯವೇ. ಅದನ್ನೇ ಬಳಸಿ. ಇಷ್ಟದ ನಂಬರ್‌ಗಳನ್ನು ಚೀಟಿಗಳಲ್ಲಿ ಬರೆದು ಕೈಯಲ್ಲಿಟ್ಟುಕೊಳ್ಳಿ. ಕೈ ಚಾಚಲಿ, ಬೆರಳು ತೋರಿಸಲಿ, ‘ಕೊಡು’ ಅನ್ನಲಿ, ಯಾವ ರೀತಿ ಕೇಳಿದರೂ ತಕ್ಷಣ ಕೊಡಿ. ನಿಮ್ಮನ್ನೇ ನೋಡಲಿ ಅಂತ ಅವನ ಗದ್ದ ಹಿಡಿದು ಮುಖ ತಿರುಗಿಸಬೇಡಿ. ಇದು ಬಂದ ಮೇಲೆ ನೀರು ಕೇಳುವುದು, ನೋವು ಎಲ್ಲಿದೆ ಅಂತ ತೋರಿಸುವುದು ಕಲಿಸಿ. ಈಗಿನ ಥೆರಪಿ ಸರಿಹೋಗುತ್ತಿಲ್ಲ ಅಂದರೆ ಬೆಂಗಳೂರಿನ ನಿಮ್ಹಾನ್ಸ್ ಅಥವಾ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಹೋಗಿ. ‘ಶಕ್ತಿ ಹೊರತೆಗೀತೀವಿ’ ಅನ್ನುವವರ ಬಾಗಿಲು ತುಳಿಯಬೇಡಿ. ಅವರು ತೆಗೆಯುವುದು ನಿಮ್ಮ ದುಡ್ಡನ್ನು, ಮತ್ತು ಮಗು ಬೇಗ ಕಲಿಯುವ ವಯಸ್ಸನ್ನು.

ಪ್ರಶ್ನೆ: ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮಕ್ಕಳು ಓದುವುದನ್ನು ಟಿವಿಯಲ್ಲಿ ತೋರಿಸಿದರು. ಮೆದುಳಿನ ನಡುಭಾಗ ಚುರುಕು ಮಾಡ್ತೀವಿ ಅನ್ನುವ ಈ ಮಿಡ್‌ಬ್ರೇನ್ ಆಕ್ಟಿವೇಶನ್ ನಿಜವಾ?

ಉತ್ತರ: ಮೋಸ. ಮೂಗಿನ ಪಕ್ಕದ ಸಂದಿಯಿಂದ ಕೆಳಗೆ ನೋಡಿ ಓದುತ್ತಾರೆ. ಅದೇ ಪುಸ್ತಕವನ್ನು ಹಣೆಯ ಮಟ್ಟಕ್ಕೆ ಹಿಡಿದು ಓದಿಸಿ ನೋಡಿ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಇದನ್ನು ಎಷ್ಟೋ ಸಲ ಬಯಲು ಮಾಡಿದ್ದಾರೆ. ಮಕ್ಕಳಿಗೆ ಸುಳ್ಳು ಹೇಳೋಕೆ ಕಲಿಸುವ ಕೋರ್ಸ್ ಇದು.

ಪ್ರಶ್ನೆ: ಮೆದುಳಿನ ಶೇ 10 ಮಾತ್ರ ಬಳಸುತ್ತೇವಂತೆ?

ಉತ್ತರ: ಸುಳ್ಳು. ಎಲ್ಲವನ್ನೂ ಬಳಸುತ್ತೇವೆ.

ಪ್ರಶ್ನೆ: ಮಗಳಿಗೆ ಫಿಸಿಕ್ಸ್ ಇಷ್ಟ. ಆದರೆ ಎಲ್ಲರ ಜೊತೆ ಹರಟೆ ಹೊಡೀತಾಳೆ. ಟಿವಿಯ ಶೆಲ್ಡನ್ ಥರ ಇದ್ದರಷ್ಟೇ ವಿಜ್ಞಾನಿ ಆಗೋದಾ?

ಉತ್ತರ: ಶೆಲ್ಡನ್ ಎಂಬ ಭೌತವಿಜ್ಞಾನಿ ಪಾತ್ರ ಇರುವ ‘ದಿ ಬಿಗ್ ಬ್ಯಾಂಗ್ ಥಿಯರಿ’ ಧಾರಾವಾಹಿಯ ಬೋರ್ಡ್ ಮೇಲಿನ ಸಮೀಕರಣಗಳನ್ನು ನಿಜವಾದ ಭೌತವಿಜ್ಞಾನಿಯೊಬ್ಬರು ನೋಡಿಕೊಳ್ಳುತ್ತಿದ್ದರು. ಅದರಲ್ಲಿ ಏಮಿ ಪಾತ್ರ ಮಾಡಿದ ಮಯೀಮ್ ಬಿಯಾಲಿಕ್ ನರವಿಜ್ಞಾನದಲ್ಲಿ ಪಿಎಚ್‌ಡಿ ಮಾಡಿದವರು. ಅಷ್ಟೆಲ್ಲ ಇದ್ದೂ ವಿಜ್ಞಾನಿ ಅಂದರೆ ಜನರ ಜೊತೆ ಹೊಂದದವನು ಅಂತಲೇ ತೋರಿಸಿದರು. ಪರಮಾಣುವಿಗಿಂತಲೂ ಚಿಕ್ಕದಾದ ಹಿಗ್ಸ್ ಕಣದ ತೂಕದ ಬಗ್ಗೆ 2015ರಲ್ಲಿ ಬಂದ ಒಂದೇ ಪ್ರಬಂಧಕ್ಕೆ 5,154 ಲೇಖಕರು. ಹರಟೆ ಹೊಡೆಯುವವರು ಅಲ್ಲಿಗೆ ಬೇಕು. ಮಗಳನ್ನು ಓದೋಕೆ ಬಿಡಿ.