ಹಿಂಜ್ ರಿಲೀಸ್ ತುಟಿಗೆ ಬಡಿದಿದೆಯಾ? ಸ್ವಲ್ಪ ದಿನ ಬಿಲ್ಲು ಕೆಳಗಿಡಿ

ಅಮೆರಿಕದಲ್ಲಿರುವ ಭಾವ ಅಲ್ಲಿ ಜಿಂಕೆ ಬೇಟೆಗೆ ಬಳಸುವ ಹಿಂಜ್ ರಿಲೀಸ್ (ಬಿಲ್ಲಿನ ದಾರವನ್ನು ಬೆರಳಿನ ಬದಲು ಕೊಕ್ಕೆಯಲ್ಲಿ ಹಿಡಿದು ಎಳೆದು ಬಿಡುವ ಸಣ್ಣ ಕೈಹಿಡಿ) ಕೊಟ್ಟರು, ಕಾಂಪೌಂಡ್ ಬಿಲ್ಲು (ತುದಿಗಳಲ್ಲಿ ರಾಟೆ ಇರುವ ಬಿಲ್ಲು) ಅರ್ಧ ಎಳೆಯುವಾಗಲೇ ಬಾಣ ಹಾರಿ ಮುಷ್ಟಿ ತುಟಿಗೆ ಬಡಿಯಿತು, ಸ್ಕ್ರೂ ಎಷ್ಟು ತಿರುಗಿಸಲಿ ಅಂತ ಕೇಳಿದ್ದೀರಿ. ನನಗೂ ಹೀಗೇ ಆಗಿತ್ತು, ಎರಡು ದಿನ ಗಂಜಿ ಕುಡಿದೇ ಕಳೆದೆ. ಹೆದರಬೇಡಿ ಮಾರಾಯ್ರೆ, ಸರಿ ಮಾಡಬಹುದು.

ಇದರಲ್ಲಿ ಟ್ರಿಗರ್ ಇಲ್ಲ. ಹಿಡಿ ತಿರುಗಿದಾಗ ಒಳಗಿನ ಅರ್ಧಚಂದ್ರ ಆಕಾರದ ತುಂಡು ಜಾರಿ ಕೊಕ್ಕೆ ಬಿಡುತ್ತದೆ. ಎಳೆಯುವಾಗ ಕೆಳಗಿನ ಬೆರಳುಗಳು ಜಾಸ್ತಿ ಬಲ ಹಾಕಿದರೆ ಹಿಡಿ ಆಗಲೇ ತಿರುಗುತ್ತದೆ. ನಿಮಗೆ ಆಗಿದ್ದು ಬಹುಶಃ ಅದೇ.

ಮೊದಲು ಅರ್ಧಚಂದ್ರವನ್ನು ಹಿಡಿದಿರುವ ಸಣ್ಣ ಅಲೆನ್ ಸ್ಕ್ರೂ ಸಡಿಲಿಸಿ, ತುಂಬಾ ನಿಧಾನಕ್ಕೆ ಬಿಡುವ ಹಾಗೆ ಇಡಿ. ಯಾವ ಕಡೆ ತಿರುಗಿಸಬೇಕು ಅನ್ನೋದು ಒಂದೊಂದು ಕಂಪನಿಯದ್ದು ಒಂದೊಂದು ಥರ, ಅದರ ಚೀಟಿ ನೋಡಿ. ಅರ್ಧಚಂದ್ರದಲ್ಲಿ ಬಿಡುವ ಮೊದಲು ಕ್ಲಿಕ್ ಅಂತ ಸದ್ದು ಮಾಡುವ ಕಡೆ ಇದ್ದರೆ ಅದನ್ನೇ ಬಳಸಿ. ಇನ್ನು ಸ್ವಲ್ಪವೇ ಬಾಕಿ ಅಂತ ಅದು ಹೇಳುತ್ತದೆ.

ಇನ್ನು ಬಿಲ್ಲು ಗೋಡೆಗೆ ತೂಗುಹಾಕಿ. ಗಟ್ಟಿ ನೈಲಾನ್ ಹಗ್ಗದಲ್ಲಿ ನಿಮ್ಮ ಎಳೆತದ ಉದ್ದಕ್ಕೆ ಸರಿಯಾಗಿ ಒಂದು ಕುಣಿಕೆ ಕಟ್ಟಿ. ಎಡಗೈ ಬಿಲ್ಲಿನ ಹಿಡಿಯ ಹಾಗೆ ಹಗ್ಗ ಹಿಡಿಯಲಿ, ಬಲಗೈ ರಿಲೀಸ್ ಹಾಕಲಿ. ಎಳೆಯುವಾಗ ಹೆಬ್ಬೆರಳು ಪೆಗ್ (ರಿಲೀಸ್‌ನಲ್ಲಿ ಹೆಬ್ಬೆರಳಿಡುವ ಸಣ್ಣ ಗೂಟ) ಮೇಲೆ, ಭಾರವೆಲ್ಲ ತೋರುಬೆರಳಲ್ಲಿ, ಉಂಗುರ ಬೆರಳು ಸುಮ್ನೆ ತಾಗಿರಲಿ. ಗೆಣ್ಣು ದವಡೆ ಮೂಳೆಗೆ ಕೂತ ಮೇಲೆ ಹೆಬ್ಬೆರಳು ತೆಗೆಯಿರಿ, ನಿಧಾನ ಭಾರವನ್ನು ಮಧ್ಯ, ಉಂಗುರ ಬೆರಳಿಗೆ ಹಂಚಿ. ಕ್ಲಿಕ್ ಕೇಳಿಸುತ್ತದೆ. ಅಲ್ಲಿಂದ ಬೆರಳು ಆಡಿಸಬೇಡಿ, ಬಲ ಹೆಗಲ ಹಲಗೆಯನ್ನು ಬೆನ್ನುಮೂಳೆ ಕಡೆ ಜರುಗಿಸುತ್ತಾ ಹೋಗಿ. ಯಾವಾಗ ಬಿಡುತ್ತದೆ ಅಂತ ನಿಮಗೇ ಗೊತ್ತಾಗಬಾರದು. ನಾನು ಜಗಲಿಯಲ್ಲಿ ನಿಂತು ಎರಡು ವಾರ ದಿನಾ ಸಂಜೆ ಇದನ್ನೇ ಮಾಡಿದೆ.

ಕುಣಿಕೆಯಲ್ಲಿ ಎಳೆಯುವಾಗ ಒಮ್ಮೆಯೂ ಬಿಡದೆ ಇದ್ದ ಮೇಲೆ ಬಿಲ್ಲು ತೆಗೆಯಿರಿ. ಬಾಣ ಹಾಕದೆ ಮಾತ್ರ ಎಳೆಯಬೇಡಿ, ತಪ್ಪಿ ಬಿಟ್ಟರೆ ಬಿಲ್ಲಿನ ಕೈಗಳೇ ಸೀಳಬಹುದು. ನಾಲ್ಕೈದು ಮೀಟರ್ ದೂರದಿಂದ, ಟಾರ್ಗೆಟ್ ಪೇಪರ್ ಅಂಟಿಸದೆ ಹೊಡೆಯಿರಿ. ಹಳೆ ಬಟ್ಟೆ ಒತ್ತಿ ತುಂಬಿದ ಗೋಣಿ ಸಾಕು. ಅದರ ಹಿಂದೆ ಬರೀ ಕೆಂಪುಕಲ್ಲಿನ ಗೋಡೆ ಬೇಡ, ಬಾಣ ಸಿಡಿದು ವಾಪಸು ಬರುತ್ತದೆ. ಎಂಟು ಹತ್ತು ಸೆಕೆಂಡಲ್ಲಿ ಬಿಡದಿದ್ದರೆ ಹಠ ಬೇಡ. ಮೊದಲು ಹೆಬ್ಬೆರಳು ಪೆಗ್ ಮೇಲೆ, ಭಾರ ಮತ್ತೆ ತೋರುಬೆರಳಿಗೆ, ಬಾಣ ಗೋಣಿ ಕಡೆಗೇ ಇರಲಿ, ನಿಧಾನ ಇಳಿಸಿ. ಪ್ರತಿ ಸಲವೂ ತುಂಬಾ ಹೊತ್ತಾಗುತ್ತಿದ್ದರೆ ಮಾತ್ರ ಸ್ಕ್ರೂ ಕೂದಲೆಳೆಯಷ್ಟು ತಿರುಗಿಸಿ.

ಮಳೆಗಾಲದಲ್ಲಿ ನಮ್ಮ ಉಪ್ಪುಗಾಳಿಗೆ ಅರ್ಧಚಂದ್ರ ತುಕ್ಕು ಹಿಡಿದರೆ ತಡೆದು ತಡೆದು ಬಿಡುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ ಡಬ್ಬಿಯಲ್ಲಿಡಿ.

ತೋಟಕ್ಕೆ ಬರುವ ಹಂದಿಗೆ ಹೊಡೆಯಬಹುದಾ ಅಂತಲೂ ಕೇಳಿದ್ದೀರಿ. ಖಂಡಿತ ಬೇಡ. ಭಾವನಿಗೆ ಅಲ್ಲಿ ಲೈಸೆನ್ಸ್, ಸೀಸನ್ ಅಂತ ಇದೆ. ಇಲ್ಲಿ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಜೈಲಿಗೆ ಹೋಗುವ ಕೆಲಸ ಅದು. ಹಂದಿ ಕಾಟಕ್ಕೆ ಅರಣ್ಯ ಇಲಾಖೆಗೆ ಅರ್ಜಿ ಕೊಡಿ.

ಭಾನುವಾರ ಉಡುಪಿ ಕಡೆ ಬಂದರೆ ಹೇಳಿ. ಹಗ್ಗದ ಕುಣಿಕೆ, ರಿಲೀಸ್ ಎರಡೇ ತನ್ನಿ, ನಿಮ್ಮ ಬೆರಳು ಎಲ್ಲಿ ತಪ್ಪುತ್ತಿದೆ ಅಂತ ಪಕ್ಕದಲ್ಲಿ ನಿಂತು ನೋಡುತ್ತೇನೆ.